97 ಅಂತ ಬರೆದ ಮಗುವಿಗೆ ಮಾರ್ಕ್ಸ್ ಕೊಡಿ

ಮಾನ್ಯ ಸಂಪಾದಕರೇ,

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನದ ಫೋಟೊಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತವೆ. ಥರ್ಮೋಕೋಲ್ ಜ್ವಾಲಾಮುಖಿ, ಬಣ್ಣದ ನೀರು ಹರಿಯುವ ಹೃದಯ, ರಾಕೆಟ್. ಪಕ್ಕದಲ್ಲಿ ಬಾಯಿಪಾಠ ಒಪ್ಪಿಸುತ್ತಿರುವ ಮಗು. ಅದರಲ್ಲಿ ಅರ್ಧ ಅಪ್ಪ ಅಮ್ಮ ಮಾಡಿದ್ದು, ಇನ್ನರ್ಧ ಅಂಗಡಿಯಿಂದ ತಂದದ್ದು ಅಂತ ನಮಗೂ ಗೊತ್ತು, ತೀರ್ಪುಗಾರರಿಗೂ ಗೊತ್ತು. ಹೋಗಲಿ ಬಿಡಿ, ವರ್ಷಕ್ಕೊಂದು ಸಲದ ಸಂಭ್ರಮ. ನನ್ನ ತಕರಾರು ಇರುವುದು ವರ್ಷವಿಡೀ ತರಗತಿಯಲ್ಲಿ ನಡೆಯುವ ಚಟುವಟಿಕೆಗಳ ಬಗ್ಗೆ.

ಯಾವುದಾದರೂ ರೆಕಾರ್ಡ್ ಬುಕ್ ತೆರೆದು ನೋಡಿ. ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ. ವೀಕ್ಷಣೆಯ ಕೆಳಗೆ ಇಡೀ ತರಗತಿ ಒಂದೇ ವಾಕ್ಯ ಬರೆದಿರುತ್ತದೆ, ತಪ್ಪು ಕಾಗುಣಿತದ ಸಮೇತ. ಎಷ್ಟೋ ಕಡೆ ಬರ್ನರ್ ಹಚ್ಚುವ ಮೊದಲೇ ಅದನ್ನು ಬೋರ್ಡಿನಿಂದ ಇಳಿಸಿಕೊಂಡಾಗಿರುತ್ತದೆ. ಮಕ್ಕಳು ಚುರುಕು. ಇಲ್ಲಿ ಕಣ್ಣಿಗೆ ಕೆಲಸ ಇಲ್ಲ ಅಂತ ಬೇಗ ಅರ್ಥಮಾಡಿಕೊಳ್ಳುತ್ತಾರೆ.

ನೀರು ಕುದಿಸುವ ಪ್ರಯೋಗವನ್ನೇ ತಗೊಳ್ಳಿ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಅಂತ ನಾವೆಲ್ಲ ಓದಿದ್ದೇವೆ. ಅದು ಸಮುದ್ರಮಟ್ಟದ ಲೆಕ್ಕ. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಅದರಿಂದ ನೀರು ಕುದಿಯುವ ಉಷ್ಣತೆಯೂ ಹೆಚ್ಚುಕಮ್ಮಿ ಪ್ರತಿ 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ರ ಆಸುಪಾಸು. ಪುಸ್ತಕದ ಸಂಖ್ಯೆ ನೇರವಾಗಿ ಸಿಗುವುದು ಮಂಗಳೂರು, ಕಾರವಾರದ ಮಕ್ಕಳಿಗೆ ಮಾತ್ರ.

ನಮ್ಮ ತುಮಕೂರೂ ಎತ್ತರದ ಊರೇ. ನನ್ನ ತರಗತಿಯ ಒಬ್ಬ ಹುಡುಗಿ ಮಂಡಿಯೂರಿ, ಥರ್ಮಾಮೀಟರಿನ ಗೆರೆಗೆ ಕಣ್ಣನ್ನು ಸಮಕ್ಕೆ ಹಿಡಿದು, ಗೆರೆ ಅಲುಗದೆ ನಿಲ್ಲುವ ತನಕ ಕಾದು 97 ಅಂತ ಬರೆದಳು. ಪಕ್ಕದ ಹುಡುಗ ಅವಳ ಪುಸ್ತಕಕ್ಕೆ ಇಣುಕಿ, "ಏಯ್, 100 ಕಣೇ" ಅಂದ. ಅವಳು ಒಂದು ಮಾತೂ ಆಡದೆ ರಬ್ಬರ್ ತಗೊಂಡು ಅಳಿಸಿಬಿಟ್ಟಳು. ಲ್ಯಾಬಿನ ಅಗ್ಗದ ಥರ್ಮಾಮೀಟರ್ ಒಂದೆರಡು ಡಿಗ್ರಿ ಆಚೀಚೆ ತೋರಿಸುವುದೂ ಉಂಟು, ನಿಜ. ಹಾಗಿದ್ದರೆ ಇನ್ನೂ ಎರಡು ಥರ್ಮಾಮೀಟರ್ ಇಳಿಬಿಟ್ಟು ನೋಡೋಣ, ಅಲ್ವಾ? ಅನುಮಾನ ಬಂದಾಗ ಮತ್ತೊಮ್ಮೆ ನೋಡಬೇಕು ಅನ್ನುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪೀರಿಯಡ್ ಸಿಗುವುದಿಲ್ಲ. ಆದರೆ ವೀಕ್ಷಣೆಯ ಜಾಗದಲ್ಲಿ 97 ಅಂತ ಇದ್ದರೆ ಕೆಂಪು ಗೆರೆ ಎಳೆಯುವವರೇ ನಮ್ಮಲ್ಲಿ ಜಾಸ್ತಿ.

ಲ್ಯಾಬೇ ಇಲ್ಲದ ಶಾಲೆಯವರು ಏನು ಮಾಡಬೇಕು ಅಂತ ಕೇಳಬಹುದು. ಲ್ಯಾಬ್ ಇಲ್ಲದಿದ್ದರೂ ಅಂಗಳದಲ್ಲಿ ಧ್ವಜಸ್ತಂಭ ಇದ್ದೇ ಇರುತ್ತದಲ್ಲ. ಬಿಸಿಲಿರುವ ದಿನ ಬೆಳಿಗ್ಗೆ ಹನ್ನೊಂದೂವರೆಯಿಂದ ಐದೈದು ನಿಮಿಷಕ್ಕೊಮ್ಮೆ ಅದರ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಹನ್ನೆರಡಕ್ಕೆ ಸೂರ್ಯ ನೆತ್ತಿಗೆ ಬರುತ್ತಾನೆ ಅನ್ನುವ ಮಕ್ಕಳು ಹನ್ನೆರಡಾದ ಮೇಲೂ ನೆರಳು ಕುಗ್ಗುವುದನ್ನು ಕಣ್ಣಾರೆ ನೋಡುತ್ತಾರೆ. ಆಗಸ್ಟ್ ಮಧ್ಯದಲ್ಲಿ ನಮ್ಮೂರಲ್ಲಿ ಅತಿ ಗಿಡ್ಡ ನೆರಳು ಬೀಳುವುದು 12 ಗಂಟೆ 25 ನಿಮಿಷದ ಸುಮಾರಿಗೆ. ಗಡಿಯಾರ ತಪ್ಪಾ, ಸೂರ್ಯ ತಡವಾ ಅಂತ ಜಗಳ ಶುರುವಾಗುತ್ತದೆ. ಆಗುವುದಕ್ಕೆ ಬಿಡಬೇಕು. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು ಅದಕ್ಕಿಂತ ಐದು ಡಿಗ್ರಿಗೂ ಜಾಸ್ತಿ ಪಶ್ಚಿಮಕ್ಕೆ. ಒಂದು ಡಿಗ್ರಿ ಪಶ್ಚಿಮಕ್ಕೆ ಹೋದರೆ ಸೂರ್ಯ ನೆತ್ತಿಗೆ ಬರುವುದು ನಾಲ್ಕು ನಿಮಿಷ ತಡ, ಮಕ್ಕಳೇ ಗುಣಿಸಲಿ. ಕೊನೆಗೆ ನಾಲ್ಕೈದು ನಿಮಿಷ ಮಿಕ್ಕುತ್ತದೆ, ಅದರ ಕಾರಣ ಸ್ವಲ್ಪ ತೊಡಕಿನದು. ಮಿಕ್ಕಿದೆ ಅಂತ ಪುಸ್ತಕದಲ್ಲಿ ಬರೆದಿಟ್ಟುಕೊಂಡರೂ ಸಾಕು.

ಜೂನ್, ಜುಲೈ ತಿಂಗಳಲ್ಲಿ ನಮ್ಮಲ್ಲಿ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆಗಸ್ಟ್ ಕಳೆಯುವಷ್ಟರಲ್ಲಿ ಅದು ಉತ್ತರಕ್ಕೆ ತಿರುಗಿರುತ್ತದೆ. ದಿನಾ ಆ ಅಂಗಳದಲ್ಲೇ ಆಡುವ ಮಕ್ಕಳನ್ನು ಕೇಳಿ ನೋಡಿ, ಎಷ್ಟು ಜನ ಗಮನಿಸಿದ್ದಾರೆ ಅಂತ. ಶಿಕ್ಷಕರನ್ನೂ ಕೇಳಬಹುದು.

ಇದೆಲ್ಲ ಹೇಳೋಕೆ ಚೆಂದ, ಪರೀಕ್ಷೆಗೆ ಬರುತ್ತಾ ಅನ್ನುವವರಿಗೆ ಒಂದು ಉದಾಹರಣೆ ಇದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ 6ರಿಂದ 8ನೇ ತರಗತಿಗೆ ವಿಜ್ಞಾನವನ್ನು ಮಕ್ಕಳ ಕೈಯಲ್ಲೇ ಮಾಡಿಸುವ ಕಾರ್ಯಕ್ರಮ ಶುರುವಾಯಿತು. ಹಳ್ಳಿಯ ಸಾಧಾರಣ ಶಾಲೆಗಳು ಅವು. ಪರೀಕ್ಷೆಗೆ ಪುಸ್ತಕ, ನೋಟ್ಸ್ ಒಯ್ಯಬಹುದಿತ್ತು. ಪ್ರಯೋಗ ಮಾಡಿ ತೋರಿಸುವುದಕ್ಕೂ ಪರೀಕ್ಷೆ ಇತ್ತು. ಬಾಯಿಪಾಠಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ. ಅದು ನೂರಾರು ಸರ್ಕಾರಿ ಶಾಲೆಗಳಿಗೆ ಹಬ್ಬಿ ಮೂವತ್ತು ವರ್ಷ ನಡೆಯಿತು. 2002ರಲ್ಲಿ ಅಲ್ಲಿನ ಸರ್ಕಾರವೇ ಅದನ್ನು ನಿಲ್ಲಿಸಿತು, ಆ ಕಥೆ ಬೇರೆ. ಪರೀಕ್ಷೆಯನ್ನು ಬದಲಿಸಿದರೆ ತರಗತಿಯೂ ಬದಲಾಗುತ್ತದೆ ಅನ್ನುವುದಂತೂ ಅಲ್ಲಿ ಗೊತ್ತಾಯಿತು.

ನಮ್ಮಲ್ಲೂ ದಾರಿ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 20 ಅಂಕ ಆಂತರಿಕ ಮೌಲ್ಯಮಾಪನದ್ದು. ಕೆಳಗಿನ ತರಗತಿಗಳಲ್ಲೂ ಎಫ್‌ಎ (ವರ್ಷದ ನಡುವೆ ಆಗಾಗ ನಡೆಸುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗಳಿವೆ. ಈಗ ಆ ಅಂಕಗಳ ಪಾಡು ಏನಾಗಿದೆ ಗೊತ್ತಾ? ಮಗು ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಾಜೆಕ್ಟ್ ಅಂತ ನಾಲ್ಕು ಹಾಳೆ ಪ್ರಿಂಟ್ ಹಾಕಿಸಿಕೊಂಡು, ಬಣ್ಣದ ರಟ್ಟು ಅಂಟಿಸಿಕೊಂಡು ಬರುತ್ತದೆ. ನಾವು ಸುಮ್ನೆ ಸಹಿ ಹಾಕಿ ಅಂಕ ಕೊಡುತ್ತೇವೆ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ, ಮುಗಿಯದ ಸಿಲಬಸ್ ಇವುಗಳ ನಡುವೆ ಹೆಚ್ಚಿನದನ್ನು ಮಾಡಲು ಎಷ್ಟೋ ಶಿಕ್ಷಕರಿಗೆ ಪುರಸೊತ್ತೂ ಇರುವುದಿಲ್ಲ. ಆದ್ದರಿಂದ ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಒಂದು ಎಫ್‌ಎಯಲ್ಲಿ ವಿಜ್ಞಾನದ ಪ್ರಾಜೆಕ್ಟ್ ಕೈಬಿಡಿ. ಅದರ ಬದಲು ಮಗು ಒಂದೇ ವಸ್ತುವನ್ನು ತಿಂಗಳಿಡೀ ನೋಡಿ ತನ್ನ ಮಾತಲ್ಲಿ ಬರೆದ ನೋಟ್‌ಬುಕ್‌ಗೆ ಅಂಕ ಕೊಡಿ. ನೆರಳಾಗಲಿ, ಇರುವೆ ಸಾಲಾಗಲಿ, ಶಾಲೆ ಮುಂದಿನ ಹೊಂಗೆ ಮರವಾಗಲಿ. ಅಳಿಸಿ ತಿದ್ದಿದ್ದಕ್ಕೆ ಅಂಕ ಕಡಿಯಬಾರದು. ಎಲ್ಲರ ಪುಸ್ತಕದಲ್ಲೂ ಒಂದೇ ಉತ್ತರ ಇದ್ದರೆ ಮಾತ್ರ ಯಾಕೆ ಅಂತ ಕೇಳಬೇಕು.

ಆದೇಶಕ್ಕೆ ಕಾಯದೆ ಶುರುಮಾಡುವ ಶಿಕ್ಷಕರಿಗೆ ಪ್ರತಿ ಆಗಸ್ಟ್ ತಿಂಗಳಲ್ಲಿ ಒಂದು ಅವಕಾಶ ಇದೆ. ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟಗಿನ ಕೋಲಿಗೆ ನೆರಳೇ ಇಲ್ಲದ ದಿನ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಎರಡು ಸಲ ಬರುತ್ತದೆ. ಮೊದಲನೆಯದು ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ. ಎರಡನೆಯದು ಕಲಬುರಗಿಯಲ್ಲಿ ಆಗಸ್ಟ್ 3-4ಕ್ಕೆ, ಹುಬ್ಬಳ್ಳಿಯಲ್ಲಿ 10-11ಕ್ಕೆ, ಬೆಂಗಳೂರು, ಹಾಸನ, ಮಂಗಳೂರಿನಲ್ಲಿ 18ರ ಆಸುಪಾಸಿಗೆ. ಮೋಡ ಕವಿದರೆ ಹಿಂದಿನ ಅಥವಾ ಮಾರನೇ ದಿನ ನೋಡಿದರೂ ಆಗುತ್ತದೆ, ಒಂದು ಮೀಟರ್ ಕೋಲಿಗೆ ಅರ್ಧ ಸೆಂಟಿಮೀಟರ್ ನೆರಳು ಅಷ್ಟೇ.

– ವಿಜ್ಞಾನ ಶಿಕ್ಷಕಿ, ತುಮಕೂರು