ಆ ಸಹಿಗಳನ್ನು ಎಣಿಸಬೇಕಿತ್ತು

ಸಂಪಾದಕರೇ,

ಅಮೆರಿಕದ ಅಟ್ಲಾಂಟಾದಲ್ಲಿ ಕಟ್ಟಿದ ಪೊಲೀಸ್ ಟ್ರೈನಿಂಗ್ ಕೇಂದ್ರದ, ಅಂದರೆ ವಿರೋಧಿಗಳು 'ಕಾಪ್ ಸಿಟಿ' ಅಂತ ಕರೆಯುವ ಜಾಗದ ಗಲಾಟೆ ಬಗ್ಗೆ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಾನು ಓದಿದ್ದು ಬಹುತೇಕ ಒಂದೇ ಮಾತು. ಪೊಲೀಸರಿಗೆ ಟ್ರೈನಿಂಗ್ ಕೊಡೋ ಜಾಗಕ್ಕೂ ಅಡ್ಡ ಬಂದರು, ಅವರೆಲ್ಲ ಭಯೋತ್ಪಾದಕರು, ಅಷ್ಟೇ. ನಾನಿರುವುದು ಅಲ್ಲೇ, ಪಕ್ಕದ ಡಿಕಾಲ್ಬ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ವಿರೋಧ ಮಾಡಿದವರಲ್ಲಿ ನಾನು ಕಂಡವರು ರಿಟೈರ್ ಆದ ಮೇಷ್ಟ್ರುಗಳು, ಪಾದ್ರಿಗಳು, ಕಾಲೇಜು ಹುಡುಗರು, ಮಗುವನ್ನು ಎತ್ತಿಕೊಂಡೇ ಸಹಿ ಕೇಳಲು ಬರುತ್ತಿದ್ದ ಅಮ್ಮಂದಿರು. ಅವರ ಪರವಾಗಿ ನಾಲ್ಕು ಮಾತು ಬರೆಯಲೇಬೇಕು ಅನಿಸಿತು.

ಮೊದಲು ಜಾಗದ ವಿಷಯ. ಅದು ನಗರದ ಹಳೇ ಜೈಲು ಫಾರ್ಮಿನ ಜಮೀನು, ಕೈದಿಗಳಿಂದ ಬೇಸಾಯ ಮಾಡಿಸುತ್ತಿದ್ದ ನೆಲ. ಅದಕ್ಕೂ ಮುಂಚೆ ಅಲ್ಲಿನ ಮೂಲನಿವಾಸಿಗಳಾದ ಮಸ್ಕೋಗಿ ಜನರದ್ದು, ಅವರನ್ನು 19ನೇ ಶತಮಾನದಲ್ಲೇ ಒಕ್ಕಲೆಬ್ಬಿಸಿದರು. ಜೈಲು ಮುಚ್ಚಿದ ಮೇಲೆ ಕಾಡು ಬೆಳೆಯಿತು. 2017ರಲ್ಲಿ ನಗರದವರೇ ಮಾಡಿದ ಯೋಜನೆಯಲ್ಲಿ ಸೌತ್ ರಿವರ್ ಎಂಬ ಹೊಳೆಯ ಸುತ್ತಲಿನ ಹಸಿರನ್ನೆಲ್ಲ ಸೇರಿಸಿ ದೊಡ್ಡ ಪಾರ್ಕ್ ಮಾಡುವ ಮಾತಿತ್ತು. ನಾಲ್ಕೇ ವರ್ಷಕ್ಕೆ ಅಲ್ಲಿ 85 ಎಕರೆಯಲ್ಲಿ ಟ್ರೈನಿಂಗ್ ಕೇಂದ್ರ ಕಟ್ಟೋಕೆ ಅಟ್ಲಾಂಟಾ ಪೊಲೀಸ್ ಫೌಂಡೇಶನ್ ಎಂಬ ಖಾಸಗಿ ಸಂಸ್ಥೆಗೆ ಲೀಸ್ ಕೊಟ್ಟರು.

ಇದರಲ್ಲಿ ನನಗೆ ಎಲ್ಲಕ್ಕಿಂತ ಅನ್ಯಾಯ ಅನಿಸುವುದು ಬೇರೆಯೇ ಇದೆ. ಜಮೀನಿನ ಮಾಲೀಕರು ಅಟ್ಲಾಂಟಾ ನಗರದವರು, ಆದರೆ ಆ ಜಮೀನು ಇರುವುದು ನಗರದ ಗಡಿಯ ಆಚೆ, ನಮ್ಮ ಕೌಂಟಿಯಲ್ಲಿ. ಸುತ್ತ ಇರುವವರಲ್ಲಿ ಕಪ್ಪು ಜನರೇ ಜಾಸ್ತಿ. ಶೂಟಿಂಗ್ ರೇಂಜಿನ ಸದ್ದು ಅವರ ಕಿವಿಗೆ, ಮರ ಕಡಿದ ಮೇಲೆ ತೊರೆಗೆ ಇಳಿಯುವ ಕೆಸರು ಅವರ ಮಗ್ಗುಲಿಗೆ. ತೀರ್ಮಾನ ಮಾಡಿದ ಅಟ್ಲಾಂಟಾ ನಗರ ಕೌನ್ಸಿಲ್‌ಗೆ ಮಾತ್ರ ಅವರು ವೋಟು ಹಾಕುವ ಹಾಗಿಲ್ಲ. ಪಕ್ಕದ ಊರಿನವರು ಬಂದು ನಿಮ್ಮ ಮನೆ ಹಿಂದೆ ಏನು ಕಟ್ಟಬೇಕು ಅಂತ ತೀರ್ಮಾನ ಮಾಡಿದರೆ ನೀವು ಯಾರನ್ನು ಕೇಳುತ್ತೀರಿ?

ಆದರೂ ಜನ ಕೇಳಿದರು. 2021ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್‌ಗೆ ಬಂದ ಸಾರ್ವಜನಿಕರ ಧ್ವನಿ ಸಂದೇಶಗಳು ಸುಮಾರು 17 ಗಂಟೆಯಷ್ಟಿದ್ದವು, ಹೆಚ್ಚಿನವು ಬೇಡ ಅನ್ನುವವೇ. ಕೇಳಿಸಿಕೊಂಡು 10-4 ವೋಟಿನಲ್ಲಿ ಲೀಸ್ ಪಾಸು ಮಾಡಿದರು. 2023ರ ಜೂನ್‌ನಲ್ಲಿ ದುಡ್ಡಿನ ತೀರ್ಮಾನಕ್ಕೆ ಜನ ರಾತ್ರಿಯಿಡೀ ಸರದಿಯಲ್ಲಿ ನಿಂತು ಮಾತಾಡಿದರು, ಬೆಳಗಿನ ಜಾವ 11-4ರಲ್ಲಿ ಅದೂ ಪಾಸಾಯಿತು. ನಗರ ಕೊಡುವುದು 3 ಕೋಟಿ ಡಾಲರ್ ಅಂತ ಮೊದಲು ಹೇಳಿದ್ದರು. ಆಮೇಲೆ ಲೆಕ್ಕ ಹಾಕಿದಾಗ ಅದು ಸುಮಾರು 6.7 ಕೋಟಿ ಆಗಿತ್ತು.

ಆಗ ಜನ ಕಾನೂನಿನಲ್ಲೇ ಇದ್ದ ದಾರಿ ಹಿಡಿದರು. ಇಷ್ಟು ಮತದಾರರ ಸಹಿ ತಂದರೆ ವಿಷಯವನ್ನು ಜನರ ವೋಟಿಗೆ ಇಡಬೇಕು, ಅದು ನಿಯಮ. ಸುಮಾರು 58 ಸಾವಿರ ಸಹಿ ಸಾಕಿತ್ತು. 1.16 ಲಕ್ಷ ಸಹಿ ತಂದಿದ್ದೇವೆ ಅಂತ ಸೆಪ್ಟೆಂಬರ್ 11ರಂದು ಪೆಟ್ಟಿಗೆಗಟ್ಟಲೆ ಹೊತ್ತು ತಂದರು. ಅಷ್ಟರಲ್ಲಿ ಕೋರ್ಟಿನಲ್ಲಿ ಜಗಳ ನಡೆದಿತ್ತು. ಡಿಕಾಲ್ಬ್‌ನವರು ಸಹಿ ಹಾಕುವುದಿರಲಿ, ಸಹಿ ಸಂಗ್ರಹ ಕೂಡ ಮಾಡುವ ಹಾಗಿಲ್ಲ ಅನ್ನೋ ನಿಯಮವನ್ನು ಒಬ್ಬ ಫೆಡರಲ್ ನ್ಯಾಯಾಧೀಶರು ತಡೆದು ಗಡುವನ್ನೂ ಮುಂದೆ ಹಾಕಿದ್ದರು, ಮೇಲಿನ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಅದನ್ನೇ ಹಿಡಿದುಕೊಂಡು ನಗರದವರು ಗಡುವು ಮೀರಿದೆ ಅಂದರು, ಸಹಿ ಪರಿಶೀಲನೆಗೇ ಕೈ ಹಾಕಲಿಲ್ಲ. ಅದರಲ್ಲಿ ಸುಮಾರು ಸಹಿಗಳು ತಪ್ಪೇ ಇರಬಹುದು, ಇಷ್ಟು ದೊಡ್ಡ ಕೆಲಸದಲ್ಲಿ ಅದು ಸಹಜ. ಎಣಿಸಿ, ಸಾಲದು ಅಂತ ತೋರಿಸಿದ್ದರೆ ನಾನೂ ಒಪ್ಪಿಕೊಳ್ಳುತ್ತಿದ್ದೆ. ಎಣಿಸಲೇ ಇಲ್ಲವಲ್ಲ.

ಇನ್ನು ಭಯೋತ್ಪಾದನೆ ಮಾತು. 2023ರ ಮಾರ್ಚ್‌ನಲ್ಲಿ ಕೆಲವರು ಅಲ್ಲಿದ್ದ ಯಂತ್ರಗಳಿಗೆ ಬೆಂಕಿ ಹಚ್ಚಿದ್ದು ನಿಜ, ಅದು ತಪ್ಪು. ಆದರೆ ಅದೇ ವರ್ಷ ರಾಜ್ಯದ ಅಟಾರ್ನಿ ಜನರಲ್ 61 ಜನರ ಮೇಲೆ ಹಾಕಿಸಿದ್ದು ರಿಕೊ ಕೇಸು, ಅಂದರೆ ಮಾಫಿಯಾದಂಥ ಗುಂಪುಗಳನ್ನು ಹಿಡಿಯೋಕೆ ತಂದ ಕಾನೂನು. ಸಂಚು ಶುರುವಾಯಿತು ಅಂತ ಅದರಲ್ಲಿ ಬರೆದ ದಿನ 2020ರ ಮೇ 25. ಅದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ದಿನ! ಈ ಕೇಂದ್ರದ ಪ್ರಸ್ತಾಪ ಜನರ ಮುಂದೆ ಬಂದಿದ್ದೇ 2021ರಲ್ಲಿ. ಬಂಧನಕ್ಕೊಳಗಾದವರಿಗೆ ಜಾಮೀನಿನ ದುಡ್ಡು ಹೊಂದಿಸುತ್ತಿದ್ದ ಮೂವರನ್ನೂ ಹಿಡಿದರು. ಅಟ್ಲಾಂಟಾಗೆ ಬರುವ ನಮ್ಮವರು ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕದಲ್ಲಿರುವ ಗಾಂಧಿ ಪ್ರತಿಮೆ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಿಂಗ್ ಅವರ ಜೊತೆ ಜೈಲಿಗೆ ಹೋದವರನ್ನು ಬಿಡಿಸಿದ್ದೂ ಹೀಗೇ ಕೂಡಿಸಿದ ಜಾಮೀನಿನ ದುಡ್ಡೇ. ರಿಕೊ ಕೇಸು ಹಾಕೋಕೆ ಗವರ್ನರ್ ಅನುಮತಿಯೇ ಇರಲಿಲ್ಲ, ಆದ್ದರಿಂದ ಅದು ನಿಲ್ಲುವುದಿಲ್ಲ ಅಂತ 2025ರಲ್ಲಿ ನ್ಯಾಯಾಧೀಶರು ಹೇಳಿದರು. ಅಷ್ಟರಲ್ಲಿ ಎರಡು ವರ್ಷ ಹೋಗಿತ್ತು. ಈ ಸುದ್ದಿ ಮಾತ್ರ ಯಾವ ಗುಂಪಿನಲ್ಲೂ ಫಾರ್ವರ್ಡ್ ಆಗಿ ನನಗೆ ಬರಲಿಲ್ಲ.

ಒಂದು ಜೀವವೂ ಹೋಯಿತು. 2023ರ ಜನವರಿ 18ರಂದು ಕಾಡು ಖಾಲಿ ಮಾಡಿಸಲು ಹೋದ ಪೊಲೀಸರ ಗುಂಡಿಗೆ, ಕೇಂದ್ರ ಬೇಡವೆಂದು ಅಲ್ಲೇ ಟೆಂಟ್ ಹಾಕಿಕೊಂಡಿದ್ದ ಮ್ಯಾನುಯೆಲ್ ಪಾಯೆಸ್ ಟೆರಾನ್ ಸತ್ತರು. ವಯಸ್ಸು 26. ಮೊದಲು ಗುಂಡು ಹಾರಿಸಿದ್ದು ಅವರೇ, ಒಬ್ಬ ಪೊಲೀಸರಿಗೆ ಗಾಯವಾಯಿತು ಅಂತ ತನಿಖೆಯವರು ಹೇಳಿದರು. ಕೌಂಟಿಯ ಮರಣೋತ್ತರ ಪರೀಕ್ಷೆಯಲ್ಲಿ ದೇಹದ ಮೇಲೆ 57 ಗುಂಡಿನ ಗಾಯಗಳಿದ್ದವು, ಕೈಯಲ್ಲಿ ಮದ್ದಿನ ಗುರುತು ಕಾಣಲಿಲ್ಲ. ಗುಂಡು ಹಾರಿಸಿದ ಪೊಲೀಸರ ಮೈಮೇಲೆ ಕ್ಯಾಮೆರಾ ಇರಲಿಲ್ಲ. ಅವರ ಮೇಲೆ ಕೇಸೂ ಆಗಲಿಲ್ಲ.

ಪೊಲೀಸರಿಗೆ, ಅಗ್ನಿಶಾಮಕದವರಿಗೆ ಒಳ್ಳೆ ಟ್ರೈನಿಂಗ್ ಬೇಕು, ಹಳೇ ಕಟ್ಟಡಗಳು ಹಾಳಾಗಿದ್ದವು ಅನ್ನೋ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಎಲ್ಲಿ, ಎಷ್ಟು ದೊಡ್ಡದು, ಯಾರ ದುಡ್ಡು ಅಂತ ವೋಟಿಗೆ ಇಟ್ಟಿದ್ದರೆ ಜನ ಹೂಂ ಅನ್ನಲೂಬಹುದಿತ್ತು. 2025ರ ಏಪ್ರಿಲ್‌ನಲ್ಲಿ ಕೇಂದ್ರದ ಉದ್ಘಾಟನೆ ಆಗಿದೆ, ಕಡಿದ ಮರ ವಾಪಸ್ ಬರುವುದಿಲ್ಲ.

ಇಲ್ಲಿ ನಮ್ಮವರು ಸುಮಾರು ಜನ ಇದ್ದೇವೆ, ಎಷ್ಟೋ ಮಂದಿಗೆ ಪೌರತ್ವವೂ ಸಿಕ್ಕಿದೆ. ಅಟ್ಲಾಂಟಾ ನಗರದೊಳಗೆ ಇರುವವರು ಮುಂದಿನ ಸಲ ನಿಮ್ಮ ಕೌನ್ಸಿಲ್ ಸದಸ್ಯರು ವೋಟು ಕೇಳಲು ಬಂದಾಗ ದಯವಿಟ್ಟು ಕೇಳಿ: ಆ ಪೆಟ್ಟಿಗೆಗಳಲ್ಲಿದ್ದ ಸಹಿಗಳನ್ನು ಯಾಕೆ ಎಣಿಸಲಿಲ್ಲ? ನಗರದ ಗಡಿಯಾಚೆ ಇರುವ ನನಗೆ ಆ ಪ್ರಶ್ನೆ ಕೇಳೋಕೆ ವೋಟಿಲ್ಲ, ನಿಮಗಿದೆ.

— ಒಬ್ಬ ಓದುಗ, ಡಿಕಾಲ್ಬ್ ಕೌಂಟಿ, ಜಾರ್ಜಿಯಾ