ಪಾಷಾಣ ತರಬೇಡ, ಮೊದಲು ತೂತು ಮುಚ್ಚು

ಪ್ರೀತಿಯ ಮಹೇಶನಿಗೆ ದೊಡ್ಡಪ್ಪನ ಆಶೀರ್ವಾದ.

ನೀನು ಬೆಂಗಳೂರು ಬಿಟ್ಟು ಹೊಸನಗರದ ಹಳೇ ಮನೆಗೆ ಬಂದದ್ದು ನನಗೆ ತುಂಬಾ ಖುಷಿ. ಅಟ್ಟದ ಮೇಲೆ ರಾತ್ರಿಯೆಲ್ಲಾ ಇಲಿ ಕಾಟ, ಪಾಷಾಣ ತಂದಿಡ್ತೀನಿ ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪಾಷಾಣ ಬೇಡ ಮಗು. ಮನೆಯಲ್ಲಿ ಅಂಬೆಗಾಲಿಡುವ ಕೂಸಿದೆ, ನಾಯಿ ಬೆಕ್ಕು ಇವೆ. ಅಂಗಡಿಯಲ್ಲಿ ಸಿಗುವ ಆ ಇಲಿ ಪೇಸ್ಟ್ ಚೂರು ಬಾಯಿಗೆ ಹೋದರೂ ಅಪಾಯ. ಒಂದೆರಡು ದಿನ ಏನೂ ಆಗಿಲ್ಲ ಅನ್ನಿಸುತ್ತದೆ, ಅಷ್ಟರಲ್ಲಿ ಲಿವರ್ ಕೆಟ್ಟಿರುತ್ತದೆ.

ಇಲಿ ಬರುವ ದಾರಿ ಹುಡುಕು. ಪೆನ್ಸಿಲ್ ದಪ್ಪದ ಸಂದಿ ಸಿಕ್ಕರೂ ಸಾಕು, ಸಣ್ಣ ಇಲಿ ನುಸುಳುತ್ತದೆ. ಹೆಂಚಿನ ಅಂಚು, ಬಚ್ಚಲಿನ ನೀರು ಹೋಗುವ ಕಿಂಡಿ, ಕರೆಂಟ್ ಪೈಪಿನ ಬುಡ, ಎಲ್ಲಾ ನೋಡು. ಗೋಡೆ ಬುಡದಲ್ಲಿ ಎಣ್ಣೆ ಸವರಿದ ಹಾಗೆ ಕಪ್ಪು ಗೆರೆ ಕಂಡರೆ ಅದೇ ಅವುಗಳ ದಾರಿ. ಗಾಜಿನ ಚೂರು ಬೆರೆಸಿದ ಸಿಮೆಂಟು ಮೆತ್ತು, ಬಚ್ಚಲಿನ ಕಿಂಡಿಗೆ ಕಬ್ಬಿಣದ ಜಾಲರಿ ಹಾಕಿಸು. ಮಾಡಿಗೆ ತಾಗುವ ಹಲಸಿನ ಕೊಂಬೆ ಕಡಿಸು. ಒಳಗೆ ಉಳಿದವಕ್ಕೆ ಬೋನು ಸಾಕು. ಗೋಡೆಗೆ ಒತ್ತಿ ಇಡು, ನಡುಮನೆಯಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಹೊಸ ವಸ್ತು ಕಂಡರೆ ಹೆಗ್ಗಣ ಹತ್ತಿರ ಸುಳಿಯುವುದಿಲ್ಲ. ಎರಡು ಮೂರು ರಾತ್ರಿ ಬೋನಿನ ಬಾಗಿಲು ಬೀಳದ ಹಾಗೆ ಕಟ್ಟಿಟ್ಟು, ಸುಟ್ಟ ಕೊಬ್ಬರಿ ಚೂರು ಸುಮ್ನೆ ತಿನ್ನಲು ಬಿಡು. ಆಮೇಲೆ ಹೂಡು.

ಅಟ್ಟದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡ, ಧೂಳು ಎದ್ದು ಮೂಗಿಗೆ ಹೋಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ಲೀಚಿಂಗ್ ಪೌಡರ್ ಕಲಸಿದ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಕೈಗವಸು ಹಾಕಿ ಒರೆಸಿ ತೆಗೆ. ಅಕ್ಕಿ, ಹಿಂಡಿ ಮುಚ್ಚಳದ ಡ್ರಮ್ಮಿಗೆ ಹಾಕು.

ನನ್ನ ನಿಜವಾದ ಭಯ ಅಕ್ಕಿಯದ್ದಲ್ಲ, ಇಲಿ ಜ್ವರದ್ದು. ವೈದ್ಯರು ಲೆಪ್ಟೊಸ್ಪೈರೋಸಿಸ್ ಅನ್ನುತ್ತಾರೆ. ಇಲಿಯ ಉಚ್ಚೆ ಮಳೆ ನೀರಿಗೆ, ಕೆಸರಿಗೆ ಸೇರುತ್ತದೆ. ತೋಟದ ನೀರು ಬಸಿಯುವ ಕಪ್ಪಿನಲ್ಲೋ (ಕಾಲುವೆ) ಗದ್ದೆಯಲ್ಲೋ ನೀನು ಬರಿಗಾಲಲ್ಲಿ ಇಳಿದರೆ ಕಾಲಿನ ಸಣ್ಣ ಗಾಯದಿಂದ, ನೀರು ತಿಂದು ಬಿರಿದ ಬೆರಳ ಸಂದಿಯಿಂದ ರೋಗಾಣು ಒಳಗೆ ಹೋಗುತ್ತದೆ. ದನಕ್ಕೂ ನಾಯಿಗೂ ಅದು ತಗಲುತ್ತದೆ. ಕೊಟ್ಟಿಗೆಯ ಗಂಜಲ ಬಳಿಯುವಾಗಲೂ ಬೂಟು ಹಾಕು.

ತಗುಲಿದ ಮೇಲೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ ಬರುತ್ತದೆ. ತಲೆನೋವು, ಕಣ್ಣು ಕೆಂಪು, ಮೀನಖಂಡ ಮುಟ್ಟಲಾಗದಷ್ಟು ನೋವು. ಮಳೆ ಜ್ವರ ಅಂತ ಕಷಾಯ ಕುಡಿದು ಮಲಗುವವರೇ ಜಾಸ್ತಿ. ಕಣ್ಣು ಹಳದಿಯಾದರೆ ಕಾಮಾಲೆ ಅಂತ ನಾಟಿ ಔಷಧಿಗೆ ಓಡುತ್ತಾರೆ. ನಾಟಿ ವೈದ್ಯರ ಮೇಲೆ ನನಗೆ ಗೌರವವಿದೆ, ಆದರೆ ಈ ಜ್ವರದಲ್ಲಿ ಆ ನಾಲ್ಕು ದಿನ ಕಳೆದುಕೊಂಡರೆ ಕಿಡ್ನಿಗೆ ಪೆಟ್ಟು. ಮೊದಲೇ ಆಸ್ಪತ್ರೆಗೆ ಹೋದರೆ ಸಾಮಾನ್ಯವಾಗಿ ಆಂಟಿಬಯಾಟಿಕ್‌ ಮಾತ್ರೆಯಲ್ಲೇ ಗುಣವಾಗುತ್ತದೆ. ಡಾಕ್ಟರ್ ಕೇಳದಿದ್ದರೂ ನೀನೇ ಹೇಳು, ‘ನಾನು ತೋಟದ ನೀರಲ್ಲಿ ಕೆಲಸ ಮಾಡಿದ್ದೆ, ಮನೆಯಲ್ಲಿ ಇಲಿ ಇದೆ’ ಅಂತ. ಆಗ ರಕ್ತ ಯಾವುದಕ್ಕೆ ಪರೀಕ್ಷಿಸಬೇಕು ಅಂತ ಅವರಿಗೆ ಗೊತ್ತಾಗುತ್ತದೆ.

ಬೇಸಿಗೆಯಲ್ಲಿ ಇನ್ನೊಂದಿದೆ, ಮಂಗನ ಕಾಯಿಲೆ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಹರಡುವುದು ರಕ್ತ ಹೀರುವ ಉಣ್ಣೆ ಹುಳ (ಉಣುಗು), ಆದರೆ ಕಾಡಿನ ಇಲಿ, ಸುಂಡಿಲಿಗಳ ಮೈಯಲ್ಲೂ ಆ ವೈರಸ್ ಇರುತ್ತದೆ. ಕಾಡಿನ ದರಗು (ಒಣ ಎಲೆ) ತಂದು ಮನೆ ಪಕ್ಕ ರಾಶಿ ಹಾಕಿಸಬೇಡ, ಅದರ ಜೊತೆ ಉಣ್ಣೆಯೂ ಬರುತ್ತದೆ. ಆ ಕಾಯಿಲೆಯ ವಿಷಯ ಬೇಸಿಗೆಗೆ ಮುಂಚೆ ಬರೆಯುತ್ತೇನೆ.

ನಿನ್ನ ಕಾಲಿನ ಅಳತೆ ತಿಳಿಸು, ತೀರ್ಥಹಳ್ಳಿ ಪೇಟೆಗೆ ಹೋದಾಗ ಗಂಬೂಟು ತಂದಿಡುತ್ತೇನೆ. ಕೆಲಸಕ್ಕೆ ಬರುವವರ ಅಳತೆಯನ್ನೂ ಕೇಳಿ ಬರೆ, ಅವರಿಗೂ ನಾವೇ ಕೊಡಿಸಬೇಕು.

ಇಂತಿ,
ನಿನ್ನ ದೊಡ್ಡಪ್ಪ