ಕ್ಲೀವ್‌ಲ್ಯಾಂಡಿನಿಂದ ತಮ್ಮನಿಗೆ: ಎರಡು ಮೃದಂಗ ಸಾಕೇ?

ಕ್ಲೀವ್‌ಲ್ಯಾಂಡ್, ಒಹಾಯೊ
ಏಪ್ರಿಲ್

ಚಿ. ಪುಟ್ಟುವಿಗೆ ಅಣ್ಣನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ. ಈ ಕಾಗದವನ್ನು ಅಪ್ಪನಿಗೂ ಓದಿ ಹೇಳು. ಕೊನೆಯ ಮಾತು ಅವರಿಗೇ ಇರುವುದು.

ಬರುವ ವರ್ಷದ ಟೂರಿಗೆ ಎರಡು ಮೃದಂಗ ಸಾಕೇ, ಮೂರು ಬೇಕೇ ಎಂದು ಕೇಳಿದ್ದೀಯ. ಎರಡು ಸಾಕು, ಆದರೆ ಯಾವ ಎರಡು ಅನ್ನುವುದು ಮುಖ್ಯ. ಶುಕ್ರವಾರ ಒಂದೂವರೆ ಮನೆಯ (ಮನೆ ಅಂದರೆ ಶ್ರುತಿಯ ಮೆಟ್ಟಿಲು) ತಗ್ಗು ಶ್ರುತಿಯ ಗಾಯಕರಿಗೆ ನುಡಿಸಿದರೆ, ಶನಿವಾರ ಐದೂವರೆ ಮನೆಯ ಹೆಚ್ಚು ಶ್ರುತಿಯ ಗಾಯಕಿಗೆ ನುಡಿಸಬೇಕಾಗುತ್ತದೆ. ಒಂದು ಮೃದಂಗವನ್ನು ಅರ್ಧ ಮನೆ, ಬಹಳವೆಂದರೆ ಒಂದು ಮನೆ ಆಚೀಚೆ ಎಳೆಯಬಹುದು. ಅದಕ್ಕಿಂತ ಏರಿಸಿದರೆ ಚರ್ಮದ ಅಂಚಿನ ಹೆಣಿಗೆ ಕಿತ್ತುಬರುತ್ತದೆ, ಇಳಿಸಿದರೆ ನಾದ ಸತ್ತುಹೋಗುತ್ತದೆ. ಆದ್ದರಿಂದ ತಗ್ಗು ಶ್ರುತಿಗೆ ಸುಮಾರು 24 ಇಂಚಿನದೊಂದು, ಹೆಚ್ಚು ಶ್ರುತಿಗೆ 22 ಇಂಚಿನದೊಂದು ತಾ. ವೀಣೆ, ಕೊಳಲಿನ ಕಚೇರಿ ಒಪ್ಪಿಕೊಳ್ಳುವ ಮೊದಲು ಫೋನ್ ಮಾಡಿ ಶ್ರುತಿ ಕೇಳಿಕೋ.

ಭಾರತದಿಂದ ಇಲ್ಲಿಗೆ ಸಾಮಾನ್ಯವಾಗಿ 23 ಕಿಲೋದ ಎರಡು ಲಗೇಜು ಬಿಡುತ್ತಾರೆ. ಹಲಸಿನ ಮರದ ಮೃದಂಗ ಸುಮಾರು 12 ಕಿಲೋ, ಗಟ್ಟಿ ಪೆಟ್ಟಿಗೆ 6 ಕಿಲೋ ಅಂದರೆ ಒಂದೊಂದರಲ್ಲಿ ಉಳಿಯುವುದು 5 ಕಿಲೋ. ಬಟ್ಟೆಗಳನ್ನೆಲ್ಲ ಆ ಪೆಟ್ಟಿಗೆಯೊಳಗೇ ಮೃದಂಗದ ಸುತ್ತ ಬಿಗಿಯಾಗಿ ತುರುಕು. ಜಾಗವೂ ಉಳಿಯುತ್ತದೆ, ಪೆಟ್ಟಿಗೆ ಬಿದ್ದರೆ ಮೃದಂಗದ ಮರದ ಒಡಲಿಗೆ ಏಟೂ ಬೀಳುವುದಿಲ್ಲ. ಶ್ರುತಿ ಮಾಡುವ ಕಲ್ಲು, ಮರದ ಗೂಟ, ಸ್ಪ್ಯಾನರ್ ಕೂಡ ಅಲ್ಲೇ ಇರಲಿ, ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಇಲ್ಲಿನ ಭದ್ರತೆಯವರು ಪೆಟ್ಟಿಗೆ ತೆರೆದು ನೋಡುವುದು ಸಾಮಾನ್ಯ. ಅದಕ್ಕೆ ಅವರು ತೆರೆಯಬಹುದಾದ ಟಿಎಸ್‌ಎ ಬೀಗವನ್ನೇ ಹಾಕು. ಮುಚ್ಚಳದ ಒಳಗೆ, ವಾದ್ಯವನ್ನು ಹೇಗೆ ತಿರುಗಿಸಿ ಇಡಬೇಕೆಂದು ಚಿತ್ರ ಬರೆದು ಅಂಟಿಸು. ಊರಿಂದೂರಿಗೆ ಹಾರುವಾಗ ಇಲ್ಲಿನ ಹೆಚ್ಚಿನ ವಿಮಾನಗಳಲ್ಲಿ ಒಂದೊಂದು ಲಗೇಜಿಗೂ ದುಡ್ಡು ಕಟ್ಟಬೇಕು. ಅದನ್ನು ಯಾರು ಕೊಡುತ್ತಾರೆ ಎಂದು ಸಂಭಾವನೆ ಮಾತಾಡುವಾಗಲೇ ಬರೆಸಿಕೋ. ಪಿಟೀಲಿನವರಿಗೆ ಈ ತಲೆನೋವು ಕಡಿಮೆ. 2015ರಿಂದ ಜಾರಿಯಲ್ಲಿರುವ ನಿಯಮದಂತೆ, ಹತ್ತುವ ಹೊತ್ತಿಗೆ ಜಾಗವಿದ್ದರೆ ಅಮೆರಿಕದ ವಿಮಾನ ಕಂಪನಿಗಳು ಸಣ್ಣ ವಾದ್ಯವನ್ನು ಕ್ಯಾಬಿನ್ನಿನಲ್ಲೇ ಒಯ್ಯಲು ಬಿಡಬೇಕು. ಮೃದಂಗ ಆ ಅಳತೆಗೆ ಬರುವುದಿಲ್ಲ.

ಒಂದು ಮಾತು ಖಂಡಿತ ಮರೆಯಬೇಡ. ಉಡದ ಚರ್ಮದ ಖಂಜಿರವನ್ನು ಮನೆಯಲ್ಲೇ ಬಿಟ್ಟು ಬಾ. ಉಡ ನಮ್ಮ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅಂತಾರಾಷ್ಟ್ರೀಯ ಒಪ್ಪಂದದಲ್ಲೂ ಅದರ ವ್ಯಾಪಾರ ನಿಷಿದ್ಧ. ವಾದ್ಯ ಹೋಗುವುದು ಮಾತ್ರವಲ್ಲ, ಕೇಸು ಮೈಮೇಲೆ ಬರುತ್ತದೆ. ಆಡಿನ ಚರ್ಮದ್ದೋ ಸಿಂಥೆಟಿಕ್ ಹೊದಿಕೆಯದೋ ತಾ. ಮೃದಂಗದ ಚರ್ಮದ ವಿಷಯವನ್ನೂ ಕಸ್ಟಮ್ಸ್‌ನಲ್ಲಿ ಕೇಳುವ ಮೊದಲೇ ಹೇಳಿಬಿಡು.

ಇನ್ನು ಎಲ್ಲಕ್ಕಿಂತ ದೊಡ್ಡ ವಿಷಯ, ಒಣಹವೆ. ನಮ್ಮೂರಲ್ಲಿ ಮಳೆಗಾಲದಲ್ಲಿ ಮುಚ್ಚಿಗೆ, ಅಂದರೆ ಮೃದಂಗದ ಚರ್ಮದ ಹೊದಿಕೆ, ಸಡಿಲಾಗುವುದು ನಿನಗೆ ಗೊತ್ತು. ಇಲ್ಲಿ ತದ್ವಿರುದ್ಧ. ಮೈನಸ್ 10 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 2.4 ಗ್ರಾಂ ನೀರಾವಿ ಹಿಡಿಯುತ್ತದೆ. ಅದೇ ಗಾಳಿಯನ್ನು ಹೀಟರು 20 ಡಿಗ್ರಿಗೆ ಕಾಯಿಸಿದಾಗ ಅದು 17 ಗ್ರಾಂ ಹಿಡಿಯಬಲ್ಲದು, ಆದರೆ ಇರುವುದು ಅದೇ 2.4. ತೇವಾಂಶ ಶೇ. 14ಕ್ಕೆ ಇಳಿಯಿತು ಎಂದೇ ಲೆಕ್ಕ. ಚರ್ಮ ಕುಗ್ಗಿ ಶ್ರುತಿ ತಾನಾಗಿ ಏರುತ್ತದೆ. ಬಲಮುಚ್ಚಿಗೆಯ ನಡುವಿನ ಕಪ್ಪು ಕರಣೆಯಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿಟ್ಟಿರುವುದು ಅನ್ನದ ಅಂಟು. ಅದು ಒಣಗಿದರೆ ಬಿರುಕು ಬಿಟ್ಟು ಚೂರುಚೂರಾಗಿ ಉದುರುತ್ತದೆ, ಮೀಟಿನ ನಾದ ಹೋಗುತ್ತದೆ. ಊರೂರು ತಿರುಗುವಾಗ ಮತ್ತೆ ಕರಣೆ ಹಾಕಿಸಲು ಸಾಧ್ಯವೇ ಇಲ್ಲ.

ಆದ್ದರಿಂದ ಪೆಟ್ಟಿಗೆಯಲ್ಲಿ ಒಂದು ಪುಟ್ಟ ತೇವಮಾಪಕ ಇರಲಿ. ಗಿಟಾರ್ ಅಂಗಡಿಯಲ್ಲಿ ಸಿಗುವ ತೇವದ ಪೊಟ್ಟಣ ಎರಡು ಹಾಕಿ, ಮಾಪಕ 40ರಿಂದ 55ರೊಳಗೆ ಇರುವಂತೆ ನೋಡಿಕೋ. ಪೊಟ್ಟಣ ಮುಚ್ಚಿಗೆಗೆ ತಾಗಬಾರದು. ಉಳಿದುಕೊಂಡ ಮನೆಯಲ್ಲಿ ಬಿಸಿಗಾಳಿ ಬರುವ ಕಿಂಡಿ ಎಲ್ಲಿದೆ ನೋಡಿ ಅದರಿಂದ ದೂರ ಇಡು. ರಾತ್ರಿ ಕಾರಿನ ಡಿಕ್ಕಿಯಲ್ಲಂತೂ ಬಿಡಲೇಬೇಡ. ಚಳಿಯಿಂದ ಒಳಗೆ ತಂದ ತಕ್ಷಣ ಪೆಟ್ಟಿಗೆ ತೆರೆಯಬಾರದು, ತಣ್ಣಗಿರುವ ಚರ್ಮದ ಮೇಲೆ ಹನಿ ಕಟ್ಟುತ್ತದೆ. ಒಂದು ಗಂಟೆ ಮುಚ್ಚಿಯೇ ಇಟ್ಟು ಆಮೇಲೆ ತೆಗೆ. ಸಭಾಂಗಣ ತುಂಬಿದ ಮೇಲೆ ಜನರ ಉಸಿರಿಗೇ ತೇವ ಏರಿ ಶ್ರುತಿ ಇಳಿಯುತ್ತದೆ. ಖಾಲಿ ಹಾಲಿನಲ್ಲಿ ಮಾಡಿದ ಶ್ರುತಿಯನ್ನು ನಂಬಿ ಕೂರಬೇಡ, ಮೊದಲ ಕೃತಿ ಮುಗಿಯುತ್ತಲೇ ಮುಚ್ಚಿಗೆಯ ಅಂಚಿನ 16 ಕಣ್ಣುಗಳನ್ನೂ ಎದುರುಬದುರಾಗಿ ಪರೀಕ್ಷಿಸು. ಕಚೇರಿ ಮುಗಿದ ಮೇಲೆ ಒಂದು ಸುತ್ತು ಇಳಿಸಿಯೇ ಪೆಟ್ಟಿಗೆಗೆ ಹಾಕು. ಏರಿಸಿದ ಬಿಗಿಯಲ್ಲೇ ಇಟ್ಟರೆ ರಾತ್ರಿ ಹೀಟರಿನ ಒಣಹವೆಗೆ ಮತ್ತಷ್ಟು ಕುಗ್ಗಿ ಬೆಳಗಾಗುವಷ್ಟರಲ್ಲಿ ಹರಿದಿರುತ್ತದೆ. ಬಹಳ ಮುಚ್ಚಿಗೆಗಳು ಹೋಗುವುದು ಹೀಗೆಯೇ, ನುಡಿಸುವಾಗಲ್ಲ.

ತೊಪ್ಪಿಗೆ, ಅಂದರೆ ಎಡಮುಖಕ್ಕೆ, ಹಚ್ಚುವ ರವೆ ಹೊತ್ತು ತರಬೇಡ. ಇಂಡಿಯನ್ ಅಂಗಡಿಯಲ್ಲಿ ಸಣ್ಣ ರವೆ ಸಿಗುತ್ತದೆ. ಅಂಗಡಿಯಿಲ್ಲದ ಊರಲ್ಲಿ ಕ್ರೀಮ್ ಆಫ್ ವೀಟ್ ಅನ್ನುವ ಗೋಧಿ ರವೆಯೇ ಗತಿ. ಅದು ತರಿತರಿ, ಅರ್ಧ ಗಂಟೆಯಾದರೂ ನೆನೆಸಿ ಚೆನ್ನಾಗಿ ನಾದಬೇಕು. ಒಣಹವೆಗೆ ಕಣಕ ಬೇಗ ಬಿರಿಯುವುದರಿಂದ ಮನೆಯಲ್ಲಿ ಮಾಡುವುದಕ್ಕಿಂತ ಸ್ವಲ್ಪ ಮೆತ್ತಗೇ ಇರಲಿ, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡಿರು. ಕಚೇರಿ ಮುಗಿದ ತಕ್ಷಣ ತೊಪ್ಪಿಯಿಂದ ಪೂರ್ತಿ ತೆಗೆದು ಒರೆಸು. ಜನ ಬಂದು ಮಾತಾಡಿಸುತ್ತಾರೆ, ಫೋಟೋ ಕೇಳುತ್ತಾರೆ. ಐದು ನಿಮಿಷ ತಾಳಿ ಎಂದು ಹೇಳು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಮೆರಿಕದ ಕರೆಂಟು 120 ವೋಲ್ಟಿನದು. ಶ್ರುತಿಪೆಟ್ಟಿಗೆಯ ಅಡಾಪ್ಟರಿನ ಮೇಲೆ 100–240 ಎಂದು ಬರೆದಿದೆಯೇ ನೋಡಿ ತಾ.

ವೀಸಾ ಬೇಕಾದ್ದು ಪಿ-3, ನಮ್ಮಂಥ ಸಾಂಪ್ರದಾಯಿಕ ಕಲೆಯವರಿಗೆಂದೇ ಇರುವುದು. ಇಲ್ಲಿನ ಸಂಸ್ಥೆಯೋ ಏಜೆಂಟೋ ಐ-129 ಅರ್ಜಿ ಹಾಕಬೇಕು, ಅದಕ್ಕೆ ಎಲ್ಲ ಕಚೇರಿಗಳ ಪಟ್ಟಿ ಲಗತ್ತಿಸಬೇಕು. ಪ್ರವಾಸಿ ವೀಸಾದಲ್ಲಿ ಬಂದು ನುಡಿಸಿ ಹೋಗು ಎನ್ನುವವರ ಮಾತು ಕೇಳಬೇಡ. ಪಿ-3ರಲ್ಲಿ ಪಾಠ ಹೇಳುವುದಕ್ಕೂ ಅವಕಾಶವಿದೆ, ಆದ್ದರಿಂದ ವರ್ಕ್‌ಶಾಪುಗಳನ್ನೂ ಅದೇ ಪಟ್ಟಿಗೆ ಸೇರಿಸಲು ಹೇಳು. ಸಂಭಾವನೆಯಲ್ಲಿ ಶೇ. 30 ತೆರಿಗೆ ಹಿಡಿದೇ ಕೊಡುತ್ತಾರೆ. ಮೊದಲ ಕಚೇರಿಗೆ 45 ದಿನ ಮುಂಚೆ ಖರ್ಚಿನ ಅಂದಾಜಿನೊಂದಿಗೆ ಅರ್ಜಿ ಹಾಕಿದರೆ ಹಿಡಿಯುವ ಮೊತ್ತ ಕಡಿಮೆ ಮಾಡಿಸಬಹುದು. ಅದು ತಪ್ಪಿದರೆ ಮುಂದಿನ ವರ್ಷ 1040-ಎನ್‌ಆರ್ ರಿಟರ್ನ್ ಸಲ್ಲಿಸಿ ಹೆಚ್ಚಾದದ್ದನ್ನು ವಾಪಸ್ಸು ಪಡೆಯಬೇಕು. ಎರಡಕ್ಕೂ ಪ್ರತಿ ಟಿಕೆಟ್ಟು, ಪ್ರತಿ ರಸೀದಿ ಬೇಕು.

ಆದಾಯದ ಲೆಕ್ಕ ಹಾಕುವಾಗ ವಾರಾಂತ್ಯಗಳನ್ನು ಎಣಿಸು, ದಿನಗಳನ್ನಲ್ಲ. ಕೇಳುವವರೆಲ್ಲ ಕೆಲಸಕ್ಕೆ ಹೋಗುವ ಜನ. ಎಂಟು ವಾರದ ಟೂರ್ ಅಂದರೆ ಎಂಟು ಶುಕ್ರ-ಶನಿ-ಭಾನುವಾರ, ಅಷ್ಟೇ. 1978ರಲ್ಲಿ ಶುರುವಾದ ಇಲ್ಲಿನ ತ್ಯಾಗರಾಜ ಆರಾಧನೆ ಈಸ್ಟರ್ ಹೊತ್ತಿಗೆ ಬರುವುದರಿಂದ ಬಹಳ ಕಲಾವಿದರು ಅದನ್ನೇ ನಡುವಿಟ್ಟುಕೊಂಡು ಊರು ಜೋಡಿಸುತ್ತಾರೆ. ಪಿಟ್ಸ್‌ಬರ್ಗ್ 215 ಕಿಲೋಮೀಟರ್, ಕೊಲಂಬಸ್ 230, ಡೆಟ್ರಾಯಿಟ್ 270. ಷಿಕಾಗೊ 550ರ ಮೇಲಾಗುತ್ತದೆ, ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ಹೋಗುವಾಗ ಉಳಿದ ಗಂಟೆ ಬರುವಾಗ ಕಳೆಯುತ್ತದೆ, ಭಾನುವಾರದ ಕಚೇರಿ ಅಲ್ಲಿ ಹಾಕಿಕೊಂಡರೆ ಅದೇ ರಾತ್ರಿ ವಾಪಸ್ಸು ಹೊರಡಬೇಡ. ಸೋಮವಾರದಿಂದ ಗುರುವಾರದವರೆಗೆ ಯಾರದಾದರೂ ಮನೆಯಲ್ಲಿ ಕಚೇರಿ ಸಿಕ್ಕರೆ ಒಪ್ಪಿಕೋ. ನಲವತ್ತು ಜನ, ಮೈಕಿಲ್ಲ, ಎದುರಿಗೇ ಕೂತು ತಾಳ ಹಾಕುತ್ತಾರೆ. ತನಿ, ಅಂದರೆ ಮೃದಂಗದ ಒಂಟಿ ವಾದನ, ನುಡಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕನ್ನಡ ಕೂಟದವರು ಯುಗಾದಿ ಕಾರ್ಯಕ್ರಮವನ್ನು ತಿಂಗಳುಗಳ ಮುಂಚೆಯೇ ಗೊತ್ತುಮಾಡುತ್ತಾರೆ, ನವೆಂಬರಿನಲ್ಲೇ ಬರೆ.

ಚಳಿಗೆ ಬೆರಳ ತುದಿ ಸೀಳುತ್ತದೆ. ರಾತ್ರಿ ಮಲಗುವಾಗ ಕೊಬ್ಬರಿಎಣ್ಣೆ ಹಚ್ಚು, ಬೆಳಿಗ್ಗೆ ಸೋಪಿನಲ್ಲಿ ತೊಳೆದೇ ಮೃದಂಗ ಮುಟ್ಟು. ಎಣ್ಣೆ ಕರಣೆಗೆ ಆಗದು.

ಈಗ ಅಪ್ಪನಿಗೆ. 22 ಇಂಚಿನ ಮೃದಂಗದ ಬಲಗಡೆಗೆ ಬಾರು ತೆಗೆಸಿ ನಟ್ಟು-ಬೋಲ್ಟು ಹಾಕಿಸಬೇಕು. ಭಾರ ಒಂದೆರಡು ಕಿಲೋ ಹೆಚ್ಚುತ್ತದೆ, ನಾದಕ್ಕೂ ಬಾರಿನ ಮೃದಂಗವೇ ಮೇಲು ಎಂದು ನಾನೂ ಒಪ್ಪುತ್ತೇನೆ. ಆದರೆ ಬಾರಿನದಕ್ಕೆ ಮುಚ್ಚಿಗೆ ಬದಲಿಸಲು ಕಟ್ಟುವವರೇ ಬೇಕು, ಬೋಲ್ಟಿನದನ್ನು ಪುಟ್ಟು ಒಬ್ಬನೇ ಸ್ಪ್ಯಾನರ್ ಹಿಡಿದು ಬದಲಿಸಬಲ್ಲ. ಅದಕ್ಕೆ ಎರಡು ಹೆಚ್ಚುವರಿ ಬಲಮುಚ್ಚಿಗೆ ಮಾಡಿಸಿ, ದೀಪಾವಳಿಯೊಳಗೆ ಕೈಗೆ ಬರಲಿ. ಹೊಸ ಮುಚ್ಚಿಗೆ ಹಿಗ್ಗಿ ನಿಲ್ಲಲು ದಿನಾ ನುಡಿಸಿದರೂ ವಾರಗಟ್ಟಲೆ ಬೇಕು. ಎರಡನ್ನೂ ಸರದಿಯಂತೆ ಹಾಕಿ ಪಳಗಿಸಿ, ಯಾವುದು ಯಾವ ಮನೆಗೆ ನಿಲ್ಲುತ್ತದೆಂದು ಅಂಚಿನ ಮೇಲೆ ಬರೆದಿಟ್ಟುಕೊಳ್ಳಲು ಅವನಿಗೆ ಹೇಳಿ. ಕಟ್ಟುವವರಿಗೆ ಮುಂಗಡ ನಾನು ಈ ವಾರವೇ ಕಳಿಸುತ್ತೇನೆ.

ಅಮ್ಮನಿಗೆ ನಮಸ್ಕಾರ.

ಇಂತಿ,
ನಿನ್ನ ಅಣ್ಣ